ಅತಿಥಿ ಜೋಡಿಸಿಟ್ಟ ಕಪ್‌ಗಳು

ಬೆಳಿಗ್ಗೆ ಕಂಪನಿಯ ಗೆಸ್ಟ್‌ಹೌಸಿನ ಮೇಜಿನ ಮೇಲೆ ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಒಳಗಿದ್ದ ಹೊಸ ಮಾದರಿಯ ಬೀಗ ಮಾಯ. ಬೀಗ ಮಾರುವ ಕಂಪನಿಯಲ್ಲೇ ಬೀಗ ಕಳುವು—ನಗಬೇಕೋ ಅಳಬೇಕೋ?

ಅದನ್ನು ತಂದವರು ವ್ಯಾಪಾರ ಕುದುರಿಸಲು ಸಮುದ್ರದಾಚೆಯಿಂದ ಬಂದಿದ್ದ ವಯಸ್ಸಾದ ಅತಿಥಿ. ಅವರ ಭಾಷೆ ನನಗೆ ಬರುತ್ತದೆಂದು ಪತ್ತೇದಾರಿ ಅಕ್ಕ ನನ್ನನ್ನೂ ಎಳೆದುಕೊಂಡು ಬಂದಿದ್ದರು. ನಾವು ಹೋಗುವಷ್ಟರಲ್ಲಿ ಅತಿಥಿ ಕುರ್ಚಿಗಳನ್ನು ಹತ್ತಿರ ಎಳೆದು, ಕಪ್‌ಗಳನ್ನು ಜೋಡಿಸಿಟ್ಟಿದ್ದರು. ಎಲ್ಲರಿಗೂ ತಾವೇ ಟೀ ಬಗ್ಗಿಸಿಕೊಟ್ಟರು.

“ಈ ಕೋಣೆಯ ಇನ್ನೊಂದು ಕೀಲಿ ಇರೋದು ಇವಳ ಹತ್ರ,” ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ ಕೆಲಸದಾಕೆಯತ್ತ ಬೆರಳು ತೋರಿಸಿದರು. “ಸಂಜೆಯೊಳಗೆ ಬೀಗ ಸಿಗದಿದ್ರೆ ಇವಳ ಕೆಲಸ ಹೋಯ್ತು ಅಂತಲೇ ಲೆಕ್ಕ.”

“ನಾನು ಒಳಗೆ ಕಾಲೇ ಇಟ್ಟಿಲ್ಲಕ್ಕಾ,” ಎಂದಳು ಆಕೆ. “ಹೋಗ್ಬೇಡ ಅಂದಿದ್ದು ಈ ಮ್ಯಾನೇಜರೇ.”

“ಹೌದಾ?” ಅಕ್ಕ ಕೇಳಿದರು.

“ದೊಡ್ಡ ಮನುಷ್ಯರು. ಮೀಟಿಂಗ್ ಮುಗಿದ ಮೇಲೆ ಯಾರೂ ತೊಂದರೆ ಕೊಡಬಾರದು ಅಂದಿದ್ದೆ. ಅದು ಮರ್ಯಾದೆ ಅಲ್ವಾ?”

“ಊಟ?”

“ಇವಳೇ ಬಾಗಿಲಲ್ಲಿ ಇಟ್ಟು ಬರ್ತಿದ್ಲು.”

“ನೀವು ಒಂದು ದಿನನಾದ್ರೂ ಜೊತೆಗೆ ಕೂತು ಉಂಡ್ರಾ?”

“ಅವರು ಕರೀಲಿಲ್ವಲ್ಲ.”

ಅಕ್ಕ ನನ್ನತ್ತ ತಿರುಗಿದರು. “ಅವರ ಕಡೆ ಪದ್ಧತಿ ಹೇಗೆ?”

“ಅತಿಥಿ ಬಾಯಿಬಿಟ್ಟು ಏನೂ ಕೇಳೋ ಹಾಗಿಲ್ಲ. ಕರೆದವರೇ ಬಂದು ಪಕ್ಕದಲ್ಲಿ ಕೂರಬೇಕು,” ಎಂದೆ.

ಅಕ್ಕ ಕಪ್ ಕೆಳಗಿಟ್ಟರು. “ಸಾಮಾನು ಕಳಕೊಂಡವರು ಕೋಣೆಯೆಲ್ಲ ತಡಕಾಡ್ತಾರೆ. ಇವರು ನೆಂಟರು ಬರ್ತಾರೆ ಅನ್ನೋ ಹಾಗೆ ಕಪ್ ತೊಳೆದಿಟ್ಟಿದ್ದಾರೆ. ಬೀಗ ಬಚ್ಚಿಟ್ಟವರು ಇವರೇ. ಕಳ್ಳತನ ಆಯ್ತು ಅಂದ್ರೆ ನಾಲ್ಕು ಜನ ಬಂದೇ ಬರ್ತಾರಲ್ಲ?”

ನಾನು ಅದನ್ನು ಅತಿಥಿಗೆ ಹೇಳಿದೆ. ಹೇಳುವುದು ಕಷ್ಟವಾಯಿತು. ಅವರು ಎದ್ದು ಟೀ ಡಬ್ಬಿಯಿಂದ ಬೀಗ ತೆಗೆದು ಮೇಜಿನ ಮೇಲಿಟ್ಟರು. ಕೆಲಸದಾಕೆಯ ಮುಂದೆ ಹೋಗಿ ಬಾಗಿ ನಿಂತು ಮೆಲ್ಲಗೆ ಮಾತಾಡಿದರು.

“ನಿಮ್ಮ ತಲೆ ಮೇಲೆ ಬರುತ್ತೆ ಅಂತ ಗೊತ್ತಿರಲಿಲ್ಲ ಅಂತಿದ್ದಾರೆ,” ಎಂದೆ.

“ಹೋಗ್ಲಿ ಬಿಡಿ ಯಜಮಾನ್ರೇ,” ಎಂದವಳು ಒಳಗೆ ಬಂದು ಕುರ್ಚಿಯಲ್ಲಿ ಕೂತೇಬಿಟ್ಟಳು. ಮ್ಯಾನೇಜರ್ ಗಡಿಯಾರ ನೋಡಿಕೊಂಡರು, ಆಮೇಲೆ ಅವರೂ ಕೂತರು.

“ಇವರ ಮನೇಲಿ ಯಾರ್ಯಾರಿದ್ದಾರೆ, ಕೇಳಿ ಸಾರ್,” ಎಂದಳು ಆಕೆ ನನಗೆ.

ಇಷ್ಟು ದಿನದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಕೇಳಿದೆ.

“ಹೆಂಡತಿ ಇದ್ದಳು,” ಎಂದರು ಅತಿಥಿ.

ನಾನು ಅದನ್ನು ನಮ್ಮ ಮಾತಿಗೆ ತಿರುಗಿಸುವ ಮೊದಲೇ ಆಕೆ ಅವರ ಕಪ್‌ಗೆ ಟೀ ಬಗ್ಗಿಸಿದ್ದಳು.