ಮೂವತ್ತೊಂದನೆಯ ಪ್ರಶ್ನೆ

ಡಬ್ಬಿ ಬಿದ್ದಾಗ ಸದ್ದೇನೂ ಜೋರಾಗಲಿಲ್ಲ. ‘ಟಪ್’ ಅಂದಿತು, ಅಷ್ಟೆ. ಅದರೊಳಗಿಂದ ಬರುತ್ತಿದ್ದ ಹಾಡು ಮಾತ್ರ ಅರ್ಧ ಪದಕ್ಕೇ ನಿಂತುಹೋಯಿತು.

ರೇಡಿಯೋ ಒಂದು ಕಾಲನ್ನು ಮೇಲೆತ್ತಿಕೊಂಡೇ ನಿಂತಿದ್ದಳು. ಆ ಕಾಲಿಗೆ ಡಬ್ಬಿಯ ವೈರು ಸುತ್ತಿಕೊಂಡಿತ್ತು. ಕುಣಿಯುವಾಗ ವೈರು ಎಲ್ಲಿದೆ ಅಂತ ಯಾರು ನೋಡುತ್ತಾರೆ?

ಇದು ನಿಜವಾಗಿ ನಡೆದದ್ದು. ಇದರಲ್ಲಿ ಬರುವ ಸುಳ್ಳುಗಳೆಲ್ಲ ರೇಡಿಯೋ ಹೇಳಿದ್ದು.

ರೇಡಿಯೋ ಅನ್ನುವುದು ಅವಳ ಹೆಸರಲ್ಲ. ಐದನೇ ಕ್ಲಾಸಿನ ಈ ಹುಡುಗಿ ಎದ್ದಾಗಿನಿಂದ ಮಲಗುವವರೆಗೆ ಯಾರದಾದರೂ ದನಿಯಲ್ಲಿ ಮಾತಾಡುತ್ತಲೇ ಇರುತ್ತಾಳೆಂದು ಚಿಕ್ಕಪ್ಪ ಹಾಗೆ ಕರೆಯುತ್ತಿದ್ದ. ಲಿಫ್ಟಿನಲ್ಲಿ ‘ಬಾಗಿಲು ಮುಚ್ಚುತ್ತಿದೆ’ ಎನ್ನುವ ಹೆಂಗಸು, ಗಣಿತದ ಮಿಸ್ಸು, ಪಕ್ಕದ ಮನೆಯ ಮಿಕ್ಸಿ, ಎಲ್ಲರೂ ಅವಳ ಗಂಟಲಲ್ಲಿ ಬಾಡಿಗೆಗಿದ್ದರು.

ಚಿಕ್ಕಪ್ಪನದು ಇನ್ನೊಂದು ಹುಚ್ಚು. ಅವನು ಪತ್ರಿಕೆಯಲ್ಲಿ ಪ್ರತಿ ಭಾನುವಾರ ಹೊಸ ಗ್ಯಾಜೆಟ್‌ಗಳ ಬಗ್ಗೆ ಬರೆಯುತ್ತಿದ್ದ. ಕಂಪನಿಯವರು ವಸ್ತುವನ್ನು ಹದಿನೈದು ದಿನದ ಮಟ್ಟಿಗೆ ಕಳಿಸುತ್ತಿದ್ದರು. ಅವನು ಅದನ್ನು ಪರೀಕ್ಷೆ ಮಾಡಿ, ಕಂಡದ್ದನ್ನು ಕಂಡ ಹಾಗೆ ಬರೆದು, ವಾಪಸ್ ಕಳಿಸುತ್ತಿದ್ದ. ಗ್ಯಾಜೆಟ್ ಅಂದರೆ ಅವನಿಗೆ ಪ್ರಾಣ. ಹಾಗಂತ ಬೈಯದೆ ಒಂದನ್ನೂ ಬಿಟ್ಟವನಲ್ಲ.

ಸಾಫ್ಟ್‌ವೇರ್ ಅಪ್‌ಡೇಟ್ ಅಂದರೆ ನಿನ್ನೆ ಇದ್ದ ಗುಂಡಿ ಇವತ್ತು ಎಲ್ಲಿ ಅಡಗಿದೆ ಎಂದು ಹುಡುಕುವ ಕಣ್ಣಾಮುಚ್ಚಾಲೆ ಎನ್ನುತ್ತಿದ್ದ. ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತುವುದು, ಪುಸ್ತಕ ತೆರೆಯದೆ ಪರೀಕ್ಷೆ ಪಾಸಾದ ಹಾಗೆ ಎನ್ನುತ್ತಿದ್ದ. ಈ ಮಾತಾಡುವ ಡಬ್ಬಿ ಬಂದ ದಿನ ಅದರ ಜೊತೆಗಿದ್ದ ಪುಸ್ತಕ ತೆಗೆದು, ನಲವತ್ತೇಳು ಪೇಟೆಂಟ್‌ಗಳ ಪಟ್ಟಿಯನ್ನು ರೇಡಿಯೋಗೆ ಓದಿಹೇಳಿದ್ದ. ಅದರಲ್ಲೊಂದು, ಗುಂಡಿ ದುಂಡಗಿರುವುದಕ್ಕೆ.

ಪೇಟೆಂಟ್ ಅಂದರೇನು ಎಂದು ಅವಳು ಕೇಳಿದ್ದಳು.

“ಇದು ಮೊದಲು ನನಗೇ ಹೊಳೆದದ್ದು, ನನ್ನ ಕೇಳ್ದೆ ಯಾರೂ ಮಾಡ್ಬೇಡಿ ಅಂತ ಹಾಕೋ ಬೇಲಿ ಕಣೇ. ತೋಟ ಚೆನ್ನಾಗಿದ್ರೆ ಬೇಲಿ ಇರ್ಲಿ. ಕೆಲವ್ರು ಬೇಲಿ ಮಾತ್ರ ಹಾಕಿ ಹೋಗ್ತಾರೆ, ಒಳಗೆ ಒಂದು ಗಿಡಾನೂ ಇರಲ್ಲ.”

ತೋಟ ಇದೆಯೋ ಇಲ್ಲವೋ ನೋಡಲು ಚಿಕ್ಕಪ್ಪನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ನಲವತ್ತು ಪ್ರಶ್ನೆ. ಮಾತಾಡುವ ಯಂತ್ರ ಯಾವುದೇ ಬರಲಿ, ಅವೇ ನಲವತ್ತನ್ನು ಅದೇ ಕ್ರಮದಲ್ಲಿ ಕೇಳಿ, ಮೇಷ್ಟ್ರ ಹಾಗೆ ಕೆಂಪು ಪೆನ್ನಿನಲ್ಲಿ ಮಾರ್ಕ್ಸ್ ಹಾಕುತ್ತಿದ್ದ. ಈ ಡಬ್ಬಿಯ ಪರೀಕ್ಷೆ ಇವತ್ತು, ಶನಿವಾರ ಮಧ್ಯಾಹ್ನ. ಬರೆದದ್ದನ್ನು ಸಂಜೆ ಆರರೊಳಗೆ ಪತ್ರಿಕೆಗೆ ಮೇಲ್ ಮಾಡಬೇಕು.

ಆ ಡಬ್ಬಿಯೇ ಈಗ ನೆಲದ ಮೇಲೆ ಬಿದ್ದಿತ್ತು.

ರೇಡಿಯೋ ಅದನ್ನೆತ್ತಿ ಅಲ್ಲಾಡಿಸಿದಳು. ಒಳಗೇನೋ ‘ಗಿಲ್’ ಅಂದಿತು. ಮೇಲಿನ ಬಳೆಯಂಥ ಹಸಿರು ಲೈಟು ಮಾತ್ರ ಏನೂ ಆಗಿಲ್ಲವೆನ್ನುವ ಹಾಗೆ ಉರಿಯುತ್ತಿತ್ತು. ಹಾಡು ಅಂದಳು, ಟೈಮ್ ಎಷ್ಟು ಅಂದಳು, ಸಾರಿ ಅಂದಳು. ಡಬ್ಬಿ ತುಟಿ ಬಿಚ್ಚಲಿಲ್ಲ.

ಅಷ್ಟರಲ್ಲಿ ಬಾಗಿಲಿಗೆ ಕೀ ಹಾಕಿದ ಸದ್ದು. ಅವಳು ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಮೊದಲಿದ್ದ ಹಾಗೇ ಇಟ್ಟು, ಬಾಲ್ಕನಿಗೆ ಓಡಿ, ಅದೇ ಕಿಟಕಿಯ ಹೊರಗೆ ಕುಕ್ಕರುಗಾಲಲ್ಲಿ ಕೂತಳು. ಬಿಸಿಲಿಗೆಂದು ಎಳೆದಿದ್ದ ಪರದೆ ನಡುವೆ ಇತ್ತು. ಚಿಕ್ಕಪ್ಪ ಸ್ನಾನಕ್ಕೋ ಕಾಫಿಗೋ ಹೋದಾಗ ಮೆಲ್ಲಗೆ ಜಾರಿಕೊಳ್ಳುವುದು ಅವಳ ಪ್ಲಾನು.

ಚಿಕ್ಕಪ್ಪ ಸ್ನಾನಕ್ಕೂ ಹೋಗಲಿಲ್ಲ, ಕಾಫಿಗೂ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ನೋಟ್‌ಬುಕ್ ತೆರೆದ.

“ಒಂದನೇ ಪ್ರಶ್ನೆ. ಹನ್ನೆರಡೇಳಲ ಎಷ್ಟು?”

ಡಬ್ಬಿ ಸುಮ್ಮನಿತ್ತು. ಚಿಕ್ಕಪ್ಪ ಇನ್ನೊಮ್ಮೆ ಕೇಳಿದ. ಆಮೇಲೆ ಕುರ್ಚಿ ‘ಕಿರ್’ ಅಂದಿತು. ಎದ್ದು ಬರುತ್ತಿದ್ದಾನೆ. ಈಗ ಎತ್ತಿ ನೋಡುತ್ತಾನೆ, ‘ಗಿಲ್’ ಅನ್ನುತ್ತದೆ.

“ಎಂಬತ್ತ. ನಾಲ್ಕು.”

ಹೇಳಿದವಳು ರೇಡಿಯೋ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿ ತಾನಾಗಿ ಹೇಳಿಬಿಟ್ಟಿತು. ಎರಡು ದಿನದಿಂದ ಅವಳು ಇದೇ ದನಿ ಅಭ್ಯಾಸ ಮಾಡುತ್ತಿದ್ದಳು. ಮೂಗಿಗೆ ಅರ್ಧ ದಿನ ರಜೆ ಕೊಟ್ಟು, ಪದಗಳನ್ನು ಸ್ಕೇಲಿಟ್ಟು ಕತ್ತರಿಸಿದ ಹಾಗೆ ಹೇಳಿದರೆ ಡಬ್ಬಿಯ ದನಿ.

ಕುರ್ಚಿ ಮತ್ತೆ ‘ಕಿರ್’ ಅಂದಿತು. ಚಿಕ್ಕಪ್ಪ ಕೂತ. ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು.

ಆಮೇಲೆ ನಿಲ್ಲಿಸುವುದು ಹೇಗೆ? ಒಂದಕ್ಕೆ ಉತ್ತರ ಹೇಳಿ ಎರಡಕ್ಕೆ ಸುಮ್ಮನಿದ್ದರೆ ಸಿಕ್ಕಿಬಿದ್ದ ಹಾಗೇ. ಚಿಕ್ಕಪ್ಪ ಒಂದೊಂದೇ ಕೇಳುತ್ತ ಹೋದ, ರೇಡಿಯೋ ಗೊತ್ತಿದ್ದದ್ದನ್ನೆಲ್ಲ ಹೇಳುತ್ತ ಹೋದಳು. ಪುಣ್ಯಕ್ಕೆ ಅರ್ಧಕ್ಕರ್ಧ ಪ್ರಶ್ನೆಗಳು ಐದನೇ ಕ್ಲಾಸಿನ ಪಾಠದಲ್ಲೇ ಇದ್ದವು. ಒಂದು ಜೋಕು ಹೇಳು ಎಂದಾಗ ತನ್ನ ಕ್ಲಾಸಿನದೇ ಒಂದು ಹೇಳಿದಳು. ಚಿಕ್ಕಪ್ಪ ಮೇಜು ಕುಟ್ಟಿದ. ಯಂತ್ರ ಹೇಳಿದ ಜೋಕಿಗೆ ಅವನು ನಕ್ಕದ್ದು ಇದೇ ಮೊದಲು. ಒಳಗೊಳಗೇ ರೇಡಿಯೋಗೂ ಮಜಾ ಬರತೊಡಗಿತು. ಕಾಲು ಜುಮ್ಮೆಂದದ್ದೂ ಮರೆತುಹೋಯಿತು.

“ಮೂವತ್ತೊಂದು,” ಎಂದ ಚಿಕ್ಕಪ್ಪ. ದನಿಯಲ್ಲಿ ಏನೋ ತುಂಟತನ. “ಮೂರು ಕಾಲಿನ ನವಿಲು ಯಾವ ಕಾಡಲ್ಲಿ ಸಿಗುತ್ತೆ?”

ರೇಡಿಯೋ ತಲೆ ಕೆರೆದುಕೊಂಡಳು. ಪಾಠದಲ್ಲಿರಲಿಲ್ಲ. ಝೂನಲ್ಲೂ ನೋಡಿದ ನೆನಪಿಲ್ಲ. ಬೇರೆ ದಾರಿ ಕಾಣದೆ ಹೇಳಿದಳು, “ನನಗೆ. ಗೊತ್ತಿಲ್ಲ.”

ಒಳಗೆ ಚಪ್ಪಾಳೆ ಕೇಳಿಸಿತು. ಚಿಕ್ಕಪ್ಪ ಎದ್ದು ನಿಂತು ಒಬ್ಬನೇ ಚಪ್ಪಾಳೆ ತಟ್ಟುತ್ತಿದ್ದ. ಆಮೇಲೆ ಅವನು ಫೋನು ತೆಗೆದು, ಕೆಳಗಿನ ಮನೆಯ ಮೇಷ್ಟ್ರ ಜೊತೆ ಮಾತಾಡತೊಡಗಿದ.

ಮೇಷ್ಟ್ರು ರೇಡಿಯೋಗೂ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರು. ಈಗ ಕಣ್ಣು ಮಂಜಾಗಿ, ಔಷಧದ ಬಾಟಲಿಯ ಮೇಲಿನ ಅಕ್ಷರ ಭೂತಗನ್ನಡಿಯಲ್ಲೂ ಕಾಣುತ್ತಿರಲಿಲ್ಲ. ಮಗಳು ಆಫೀಸಿಗೆ ಹೋದ ಮೇಲೆ ಏನಾದರೂ ಕೇಳಬೇಕೆಂದರೆ ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ಅವರಿಗೆ ಇಂಥ ಡಬ್ಬಿಯೊಂದು ಬೇಕಿತ್ತು. ಎರಡು ವಾರದಿಂದ ಅಂಗಡಿಗೆ ಹೋಗದೆ ಚಿಕ್ಕಪ್ಪನ ಪರೀಕ್ಷೆಗೆ ಕಾಯುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕಾಗ ಅವರು ಹೇಳಿದ್ದನ್ನು ರೇಡಿಯೋ ಕೇಳಿಸಿಕೊಂಡಿದ್ದಳು. “ಅದು ಹೇಳಿದ್ದು ಸರೀನಾ ಅಂತ ತಾಳೆ ನೋಡೋಕೆ ನಂಗೆ ಕಣ್ಣಿಲ್ಲಪ್ಪ. ಬಾಯಿಗೆ ಬಂದದ್ದು ಹೇಳೋ ಡಬ್ಬಿ ಆದ್ರೆ ಬೇಡವೇ ಬೇಡ.”

ಈಗ ಪರದೆಯಾಚೆ ಚಿಕ್ಕಪ್ಪ ಹೇಳುತ್ತಿದ್ದ, “ಮೇಷ್ಟ್ರೇ, ಧೈರ್ಯವಾಗಿ ತಗೊಳ್ಳಿ. ಆರು ವರ್ಷದಿಂದ ಕೇಳ್ತಿದೀನಿ. ಬೇರೆ ಎಲ್ಲವೂ ಆ ನವಿಲಿಗೆ ಕಾಡು, ಊರು, ಪಿನ್‌ಕೋಡ್ ಎಲ್ಲ ಕೊಟ್ಟಿದ್ವು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದಿದ್ದು ಇದೊಂದೇ. ನನ್ನ ಕಿವಿಯಾರೆ ಕೇಳ್ದೆ.”

ರೇಡಿಯೋಗೆ ಬರುತ್ತಿದ್ದ ಮಜಾ ಅಲ್ಲಿಗೇ ನಿಂತಿತು.

ನಿನ್ನೆ ಅವಳು ಡಬ್ಬಿಯನ್ನು ನಮ್ಮ ಮಿಸ್ಸಿನ ಹೆಸರೇನು ಎಂದು ಕೇಳಿದ್ದಳು. ಡಬ್ಬಿ ಒಂದು ಕ್ಷಣವೂ ತಡವರಿಸದೆ ಒಂದು ಹೆಸರು ಹೇಳಿತ್ತು. ಅದು ಮಿಸ್ಸಿನ ಹೆಸರಲ್ಲ. ಶಾಲೆಯಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ನಿನ್ನೆ ಅದು ಬರೀ ತಮಾಷೆಯಾಗಿತ್ತು. ಈಗ ಅವಳ ಕಣ್ಣ ಮುಂದೆ ಮೇಷ್ಟ್ರು ಬಾಟಲಿ ಹಿಡಿದು ನಿಂತಿದ್ದರು. ಇದನ್ನ ಎಷ್ಟು ಚಮಚ ಕುಡೀಬೇಕು ಎಂದು ಡಬ್ಬಿಯನ್ನು ಕೇಳುತ್ತಿದ್ದರು. ಡಬ್ಬಿ ತಡವರಿಸದೆ ಹೇಳುತ್ತಿತ್ತು.

ಉಳಿದ ಒಂಬತ್ತು ಪ್ರಶ್ನೆ ಹೇಗೆ ಮುಗಿದವೋ ಅವಳಿಗೆ ನೆನಪಿಲ್ಲ. ಚಿಕ್ಕಪ್ಪ ಲ್ಯಾಪ್‌ಟಾಪ್ ತೆರೆದು ಟಪಟಪನೆ ಬರೆಯತೊಡಗಿದ. ಬರೆದದ್ದನ್ನು ಜೋರಾಗಿ ಓದಿಕೊಳ್ಳುವುದು ಅವನ ಅಭ್ಯಾಸ. ‘ನಲವತ್ತಕ್ಕೆ ಮೂವತ್ತೆಂಟು’ ಎಂದು ಓದಿದ. ‘ಕೊನೆಗೂ ಒಂದು ಪ್ರಾಮಾಣಿಕ ಯಂತ್ರ’ ಎಂದು ಓದಿದ. ‘ನಾನೇ ಮುಂದೆ ಕೂತು ಪರೀಕ್ಷಿಸಿದ್ದೇನೆ’ ಎಂದೂ ಓದಿದ. ನೆಲದ ಮೇಲೆ ಚಪ್ಪಲಿ ಕುಣಿಯುವ ಸದ್ದು ಬೇರೆ. ಅಷ್ಟು ಖುಷಿಯಲ್ಲಿದ್ದ.

ಕಳಿಸಲಿ ಬಿಡು, ಸೋಮವಾರ ಹೇಳಿದರಾಯಿತು ಎಂದುಕೊಂಡಳು. ಸೋಮವಾರದೊಳಗೆ ಮೇಷ್ಟ್ರ ಮನೆಗೆ ಡಬ್ಬಿ ಬಂದಿರುತ್ತದೆ. ಈಗಲೇ ಹೇಳಿದರೆ? ಒಡೆದದ್ದು ಗೊತ್ತಾಗುತ್ತದೆ, ಸುಳ್ಳೂ ಗೊತ್ತಾಗುತ್ತದೆ, ಚಿಕ್ಕಪ್ಪ ಇನ್ನು ಮುಂದೆ ಯಾವ ಗ್ಯಾಜೆಟ್ಟನ್ನೂ ಮುಟ್ಟಗೊಡುವುದಿಲ್ಲ. ಮಾತಾಡದೆಯೂ ಇರಬಹುದು.

“ಸರಿ, ಇನ್ನು ಸೆಂಡ್ ಒತ್ತೋದೊಂದೇ ಬಾಕಿ,” ಎಂದ ಚಿಕ್ಕಪ್ಪ ತನಗೆ ತಾನೇ.

“ಕಳಿಸ. ಬೇಡ.”

ಗಂಟಲು ಇನ್ನೂ ಡಬ್ಬಿಯ ದನಿಯಲ್ಲೇ ಸಿಕ್ಕಿಕೊಂಡಿತ್ತು. ಚಿಕ್ಕಪ್ಪನ ಚಪ್ಪಲಿ ಕುಣಿಯುವುದು ನಿಂತಿತು.

“ಏನಂದೆ?”

“ಕಳಿಸ. ಬೇಡ. ನನಗೆ ಕೊಟ್ಟ. ಮಾರ್ಕ್ಸ್. ನನ್ನದಲ್ಲ.” ಇಷ್ಟು ಹೇಳುವಷ್ಟರಲ್ಲಿ ಡಬ್ಬಿಯ ದನಿ ಬಿರುಕು ಬಿಟ್ಟು, ಒಳಗಿಂದ ಅವಳದೇ ದನಿ ಹೊರಗೆ ಬಂತು. “ಡಬ್ಬಿ ಬಿದ್ದು ಹಾಳಾಗಿದೆ ಚಿಕ್ಕಪ್ಪ. ಎಲ್ಲ ಹೇಳಿದ್ದು ನಾನು.”

ಪರದೆ ಸರಿಯಿತು. ಚಿಕ್ಕಪ್ಪ ಅವಳನ್ನು ನೋಡಿದ. ಡಬ್ಬಿಯನ್ನು ಎತ್ತಿ ಅಲ್ಲಾಡಿಸಿದ. ಮತ್ತೆ ಅವಳನ್ನು ನೋಡಿದ. ಎದ್ದೇಳೋಣವೆಂದರೆ ರೇಡಿಯೋಗೆ ಎರಡೂ ಕಾಲು ಜೋಮು ಹಿಡಿದಿದ್ದವು. ಕೂತಲ್ಲಿಂದಲೇ ವೈರು, ಕುಣಿತ, ಕೀ ಸದ್ದು, ಮಿಸ್ಸಿನ ಹೆಸರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

“ಮೂವತ್ತೊಂದೂ ನೀನೇನಾ?” ಎಂದ ಚಿಕ್ಕಪ್ಪ.

ಅವಳು ಹೌದೆಂದು ತಲೆಯಾಡಿಸಿದಳು.

“ಒಡೆದಿದ್ದಕ್ಕೆ ಬಿಡು, ವೈರನ್ನ ಕಾಲಿಗೆ ಸಿಗೋ ಹಾಗೆ ಬಿಟ್ಟವನು ನಾನು. ಆದ್ರೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದ್ನಲ್ಲೇ. ಆಗಲೂ ನಿಂಗೆ ಹೇಳ್ಬೇಕು ಅನ್ನಿಸ್ಲಿಲ್ವಾ?”

ಅವನು ಬೈದಿದ್ದರೆ ವಾಸಿಯಿತ್ತು.

ಚಿಕ್ಕಪ್ಪ ಮೊದಲು ಮಾಡಿದ ಕೆಲಸ, ಮೇಷ್ಟ್ರಿಗೆ ಫೋನ್. ತಾನು ಹೇಳಿದ್ದು ತಪ್ಪಾಗಿದೆ, ಡಬ್ಬಿ ತೆಗೆದುಕೊಳ್ಳಬೇಡಿ, ಇನ್ನೊಂದು ತರಿಸಿ ಸರಿಯಾಗಿ ನೋಡಿ ಹೇಳುತ್ತೇನೆ ಎಂದ. ಏನಾಯಿತೆಂದು ಅವರು ಕೇಳಿರಬೇಕು. ಚಿಕ್ಕಪ್ಪ ಏನನ್ನೂ ಮುಚ್ಚಿಡಲಿಲ್ಲ. ಫೋನಿನಾಚೆಯಿಂದ ಮೇಷ್ಟ್ರು ಕೆಮ್ಮಿ ಕೆಮ್ಮಿ ನಗುವುದು ರೇಡಿಯೋಗೂ ಕೇಳಿಸಿತು. ಆತುರವೇನಿಲ್ಲ, ನೀನು ನೋಡಿ ಹೇಳುವವರೆಗೂ ಕಾಯುತ್ತೇನೆ ಎಂದರಂತೆ.

ಆಮೇಲೆ ಕಂಪನಿಗೆ ಒಂದು ಮೇಲ್ ಹೋಯಿತು: ನಿಮ್ಮ ಡಬ್ಬಿ ನಮ್ಮ ಮನೆಯಲ್ಲೇ ಬಿದ್ದು ಹಾಳಾಗಿದೆ, ತಪ್ಪು ನಮ್ಮದು. ನಂತರ ಅವನು ಬರೆದಿದ್ದನ್ನೆಲ್ಲ ಅಳಿಸಿ, ಮೊದಲಿನಿಂದ ಶುರು ಮಾಡಿದ. ಗಂಟೆ ಐದಾಗಿತ್ತು. ರೇಡಿಯೋ ಮೆಲ್ಲಗೆ ಒಳಗೆ ಬಂದು ಕುರ್ಚಿಯ ಹಿಂದೆ ನಿಂತಳು. ಅವನು ಹೋಗು ಎನ್ನಲಿಲ್ಲ.

ಸ್ಕ್ರೀನಿನ ಮೇಲೆ ಹೀಗಿತ್ತು: ‘ಈ ವಾರದ ಡಬ್ಬಿಗೆ ಮಾರ್ಕ್ಸ್ ಇಲ್ಲ. ನಾನು ಪರೀಕ್ಷಿಸಿದ್ದು ಡಬ್ಬಿಯನ್ನಲ್ಲ, ಐದನೇ ಕ್ಲಾಸಿನ ಹುಡುಗಿಯನ್ನು. ಅದು ನಲವತ್ತು ಪ್ರಶ್ನೆ ಮುಗಿದರೂ ನನಗೆ ತಿಳಿಯಲಿಲ್ಲ.’

“ಹೀಗೇ ಹಾಕ್ತೀಯಾ?” ಅವಳಿಗೆ ಗಾಬರಿಯಾಯಿತು. “ಊರೋರೆಲ್ಲ ನಿನ್ನ ನೋಡಿ ನಗ್ತಾರೆ ಚಿಕ್ಕಪ್ಪ.”

“ನಗ್ತಾರೆ,” ಎಂದು ಅವನು ಟೈಪ್ ಮಾಡುತ್ತಲೇ ಹೇಳಿದ.

ರೇಡಿಯೋ ಅಕ್ಷರಗಳು ಒಂದೊಂದಾಗಿ ಮೂಡುವುದನ್ನು ನೋಡಿದಳು. ಕೆಳಗಿನ ಮನೆಯ ಮೇಷ್ಟ್ರು ಇವನೊಬ್ಬನ ಮಾತಿಗೆ ಅಷ್ಟು ದಿನ ಯಾಕೆ ಕಾದರು, ಇನ್ನೂ ಯಾಕೆ ಕಾಯುತ್ತಾರೆ ಎಂಬುದು ಈಗ ಅವಳಿಗೆ ಗೊತ್ತಾಯಿತು. ಅದನ್ನವಳು ಯಾರ ದನಿಯಲ್ಲೂ ಹೇಳಲಿಲ್ಲ.

ಚಿಕ್ಕಪ್ಪ ಅಭ್ಯಾಸದಂತೆ ಜೋರಾಗಿ ಓದಿಕೊಳ್ಳತೊಡಗಿದ. ಮೂವತ್ತೊಂದನೆಯ ಪ್ರಶ್ನೆಯವರೆಗೆ ಗಂಭೀರವಾಗಿಯೇ ಓದಿದ. ‘ಆಗ ನಾನು ಎದ್ದು ನಿಂತು, ಕಿಟಕಿಯ ಪರದೆಗೆ ಚಪ್ಪಾಳೆ...’ ಎಂಬಲ್ಲಿ ದನಿ ತಡೆಯಿತು. ಮತ್ತೆ ಮೊದಲಿನಿಂದ ಓದಿದ. ಮತ್ತೆ ಅಲ್ಲೇ ತಡೆಯಿತು. ಭುಜ ಕುಲುಕಿತು, ಕನ್ನಡಕ ಮೂಗಿನಿಂದ ಜಾರಿತು. ರೇಡಿಯೋ ‘ಕಿಸಕ್’ ಎಂದಳು. ಕೆಳಗಿನ ಮನೆಯಲ್ಲಿ ಮೇಷ್ಟ್ರು ಅದೇ ಹೊತ್ತಿಗೆ ಮಗಳಿಗೆ ವಿಷಯ ಹೇಳುತ್ತಿದ್ದರೋ ಏನೋ, ಅಲ್ಲಿಂದಲೂ ಇಬ್ಬರು ನಗುವುದು ಕೇಳಿಸಿತು. ಆದರೆ ಹೊಟ್ಟೆ ಹಿಡಿದುಕೊಂಡು, ಮೇಜು ಕುಟ್ಟುತ್ತ, ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ ಚಿಕ್ಕಪ್ಪನ ಗಲಾಟೆಯ ಮುಂದೆ ಆಮೇಲೆ ಮಿಕ್ಕವರ ನಗು ಯಾರಿಗೂ ಕೇಳುವ ಹಾಗಿರಲಿಲ್ಲ.