ಕಲಘಟಗಿ ತೊಟ್ಟಿಲಿನ ಬಳಕೆಬಿಂಬ

ಯಂತ್ರವು ಒಂದು ಹಳೆಯ ಕಡೆಗೋಲಿನ ಚಿತ್ರ ತೆಗೆಯುತ್ತಿತ್ತು. ಬಿಳಿಯ ಗಾಜಿನ ಮಂಟಪದೊಳಗೆ ಕಡೆಗೋಲನ್ನು ನಿಲ್ಲಿಸಿದ್ದರು. ಸುತ್ತಲಿಂದ ನೀಲಿ ಬೆಳಕಿನ ಎಳೆಗಳು ಅದನ್ನು ಮೇಲಿನಿಂದ ಕೆಳಗಿನವರೆಗೆ ಸವರಿಕೊಂಡು ಹೋದವು. ಹತ್ತು ನಿಮಿಷದ ನಂತರ ಗೋಡೆಯ ಪರದೆಯ ಮೇಲೆ ಅದೇ ಕಡೆಗೋಲು ಕಾಣಿಸಿತು. ಆದರೆ ಅದು ಸುಮ್ಮನೆ ನಿಂತಿರಲಿಲ್ಲ. ಹೊಗೆಯಿಂದ ಮಾಡಿದಂಥ ಎರಡು ಬೂದುಬಣ್ಣದ ಕೈಗಳು ಹಗ್ಗ ಹಿಡಿದು ಅದನ್ನು ತಿರುಗಿಸುತ್ತಿದ್ದವು. ಎಡಗೈ ಬಲಗೈಗಿಂತ ಕೊಂಚ ನಿಧಾನವಾಗಿತ್ತು. ಕಡೆಗೋಲು ತಂದಿದ್ದಾತ ಒಂದು ಗಳಿಗೆ ಅದನ್ನು ನೋಡಿ, ಬೆಲೆ ಹೇಳಿ ಹೊರಟುಹೋದ.

ಹಿಂದೆ ಅಂತರ್ಜಾಲದ ಮಾರುಕಟ್ಟೆಯಾದ ಜಾಲಪೇಟೆಯಲ್ಲಿ ಹಳೆಯ ಸಾಮಾನು ಮಾರುವವರು ಚಿತ್ರವನ್ನು ತಾವೇ ತೆಗೆದುಕೊಳ್ಳುತ್ತಿದ್ದರು. ಕಿಟಕಿಯ ಪಕ್ಕ ಬಿಳಿ ಪಂಚೆ ಹಾಸಿ, ಎಳೆಬಿಸಿಲಿನಲ್ಲಿ ಸಾಮಾನು ಇಟ್ಟು, ಒಡೆದ ಮಗ್ಗುಲನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದರು. ಚಿತ್ರ ಚೆಲುವಾಗಿರುತ್ತಿತ್ತು, ಮನೆಗೆ ಬಂದ ಸಾಮಾನು ಹಾಗಿರುತ್ತಿರಲಿಲ್ಲ. ಈ ಮೋಸವನ್ನು ನಿಲ್ಲಿಸಲೆಂದೇ ಮಂಗಳೂರಿನ ಡಾಕ್ಟರ್ ಐವನ್ ಸಲ್ಡಾನ್ಹ ಎಂಬ ವಿಜ್ಞಾನಿ ಸವೆತದರ್ಶಕವನ್ನು ಕಂಡುಹಿಡಿದರು. ಮರವಾಗಲಿ ಲೋಹವಾಗಲಿ, ಮುಟ್ಟಿದಷ್ಟೂ ಸವೆಯುತ್ತದೆ. ಕೈಯ ಜಿಡ್ಡು, ಬೆವರು, ಧೂಳು ಅದರ ಮೇಲೆ ಋತುವಿನಿಂದ ಋತುವಿಗೆ ಪದರಪದರವಾಗಿ ಕೂಡುತ್ತವೆ. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಆ ಪದರಗಳನ್ನು ಯಂತ್ರವು ಎಣಿಸಿ, ವಸ್ತುವನ್ನು ಹೇಗೆ, ಎಷ್ಟು ಕಾಲ ಬಳಸಿದರು ಎಂದು ಲೆಕ್ಕ ಹಾಕಿ, ಬಳಕೆಯನ್ನೇ ಚಲಿಸುವ ಚಿತ್ರವಾಗಿ ತೋರಿಸುತ್ತಿತ್ತು. ಅದಕ್ಕೆ ಬಳಕೆಬಿಂಬವೆಂದು ಹೆಸರು. ಯಂತ್ರ ಮುಖಗಳನ್ನು ಬಿಡಿಸುತ್ತಿರಲಿಲ್ಲ. ಮುಟ್ಟಿದ್ದನ್ನು ಮಾತ್ರ ಬಿಡಿಸುತ್ತಿತ್ತು. ಬಳಕೆಬಿಂಬವಿಲ್ಲದ ಹಳೆಯ ವಸ್ತುವನ್ನು ಜಾಲಪೇಟೆ ಸೇರಿಸಿಕೊಳ್ಳುತ್ತಿರಲಿಲ್ಲ, ಒಮ್ಮೆ ತೆಗೆದ ಬಿಂಬವನ್ನು ಮಾರುವವರು ಮುಚ್ಚಿಡುವಂತಿರಲಿಲ್ಲ.

ಧಾರವಾಡದ ಈ ಚಿತ್ರಮಂಟಪವನ್ನು ನೋಡಿಕೊಳ್ಳುತ್ತಿದ್ದವಳು ಶಿವಲೀಲಾ ಎಂಬ ಹೆಂಗಸು. ಆ ದಿನ ಕಡೆಗೋಲಿನ ನಂತರದ ಸರದಿ ಒಂದು ತೊಟ್ಟಿಲಿನದು. ಕಲಘಟಗಿಯ ಚಿತ್ರಗಾರರು ಅರಗಿನ ಬಣ್ಣ ಹಚ್ಚಿ ಮಾಡಿದ ತೊಟ್ಟಿಲು. ಕೆಂಪು ನೆಲದ ಮೇಲೆ ಬಾಲಕೃಷ್ಣನ ಲೀಲೆಗಳು ಇನ್ನೂ ನಿನ್ನೆ ಬರೆದಂತೆ ಹೊಳೆಯುತ್ತಿದ್ದವು. ಅದನ್ನು ತಂದವರು ವೈಜಯಂತಿಬಾಯಿ, ಎಪ್ಪತ್ತು ದಾಟಿದ ಹೆಣ್ಣುಮಗಳು. ಗಂಡ ಪ್ರಾಣೇಶರಾಯರು ತೀರಿಕೊಂಡು ವರ್ಷವಾಗಿ, ಅವರ ವರ್ಷಾಂತಿಕ ಮುಗಿಸಿ, ಸಪ್ತಾಪುರದಲ್ಲಿದ್ದ ತಂಗಿಯ ಮನೆಗೆ ಬಂದು ಸೇರಿದ್ದರು.

"ಅಮ್ಮಾರ, ಎಷ್ಟ ಮಕ್ಕಳು ಮಲಗ್ಯಾವರೀ ಇದರಾಗ?" ಶಿವಲೀಲಾ ಕೇಳಿದಳು.

"ಒಂದು."

"ಎಷ್ಟ ದಿನಾ?"

"ಅದನೂ ಬರೀಬೇಕೇನವಾ?"

"ನೀವು ಹೇಳಲಿಲ್ಲಂದ್ರ ಯಂತ್ರನ ಹೇಳತೈತ್ರಿ. ಅದರ ಮುಂದ ನನ್ನ ಅತ್ತಿ ಬಾಯಿ ಏನೂ ಅಲ್ಲ."

"ಒಂದು ವರ್ಷ ಅಂತ ಬರಿ" ಎಂದರು ವೈಜಯಂತಿಬಾಯಿ.

ಅದು ಸುಳ್ಳು. ಅವರ ಮಗಳು ವಾರಿಜಾ ಆ ತೊಟ್ಟಿಲಲ್ಲಿ ಮಲಗಿದ್ದು ನಾಲ್ಕೇ ತಿಂಗಳು. ಐದನೆಯ ತಿಂಗಳಿಗೆ ಮೂರು ದಿನದ ಜ್ವರದಲ್ಲಿ ಕೂಸು ಹೋಗಿಬಿಟ್ಟಿತ್ತು. ಅದಾಗಿ ಮೂವತ್ತೆರಡು ವರ್ಷ. ಮತ್ತೆ ಮಕ್ಕಳಾಗಲಿಲ್ಲ. ತಾವು ಕಣ್ಣು ಮುಚ್ಚುವ ಮೊದಲು ಆ ತೊಟ್ಟಿಲಲ್ಲಿ ಯಾರದಾದರೂ ಒಂದು ಕೂಸು ಮಲಗಿ ಬೆಳೆಯಬೇಕು, ದೇವರಲ್ಲಿ ಅವರಿಗೆ ಉಳಿದಿದ್ದ ಬೇಡಿಕೆ ಅದೊಂದೇ. ಸುಮ್ಮನೆ ಕೊಟ್ಟರೆ ಯಾಕೆ ಕೊಟ್ಟರು ಎಂದು ಜನ ಕೇಳುತ್ತಾರೆ, ಮಾರಿದರೆ ಯಾರೂ ಕೇಳುವುದಿಲ್ಲ ಎಂದು ತಂಗಿ ಹೇಳಿದ್ದರಿಂದ ಮಂಟಪಕ್ಕೆ ತಂದಿದ್ದರು.

ನೀಲಿ ಎಳೆಗಳು ತೊಟ್ಟಿಲನ್ನು ಸವರಿದವು. ಪರದೆಯ ಮೇಲೆ ತೊಟ್ಟಿಲು ತೂಗತೊಡಗಿತು. ಒಳಗೆ ಬೂದುಬಣ್ಣದ ಪುಟ್ಟ ಆಕಾರವೊಂದಿತ್ತು. ನಾಲ್ಕು ತಿಂಗಳ ತನಕ ಅದು ದಿನದಿನಕ್ಕೆ ತುಸುತುಸು ಬೆಳೆಯಿತು. ಆಮೇಲೆ ಕೆಲವು ವಾರ ತೊಟ್ಟಿಲು ಅಲುಗಲಿಲ್ಲ. ಮತ್ತೆ ತೂಗಲು ಶುರುವಾದಾಗ ಒಳಗಿನ ಆಕಾರ ಮೊದಲಿಗಿಂತ ಚಿಕ್ಕದಾಗಿತ್ತು. ಪರದೆಯ ಮೂಲೆಯಲ್ಲಿ ವರ್ಷಗಳು ಉರುಳಿದವು. ಐದು, ಹತ್ತು, ಇಪ್ಪತ್ತು, ಮೂವತ್ತು. ತೊಟ್ಟಿಲು ತೂಗುತ್ತಲೇ ಇತ್ತು. ಕೂಸು ಬೆಳೆಯಲಿಲ್ಲ, ಹೊರಳಲಿಲ್ಲ, ಕಾಲು ಆಡಿಸಲಿಲ್ಲ.

"ಯವ್ವಾ!" ಶಿವಲೀಲಾ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಇದೇನ್ರೀ ಇದು, ಕೂಸು ಬೆಳೀವಲ್ದು!"

ವೈಜಯಂತಿಬಾಯಿ ಪರದೆಯ ಹತ್ತಿರಕ್ಕೆ ಹೋದರು. ಮಗಳು ಹೋದ ಮರುದಿನವೇ ರಾಯರು ಆ ತೊಟ್ಟಿಲನ್ನು ಕಣ್ಣಿಗೆ ಬೀಳದಂತೆ ಮಾಳಿಗೆಯ ಕೋಣೆಗೆ ಸಾಗಿಸಿದ್ದರು. ಅಂದಿನಿಂದ ರಾಯರು ತೀರಿಕೊಳ್ಳುವ ತನಕ ಆಕೆ ಆ ಕೋಣೆಯ ಮೆಟ್ಟಿಲು ಹತ್ತಿರಲಿಲ್ಲ. ಹಾಗಿದ್ದರೆ ಅಲ್ಲಿ ಮಲಗಿದ್ದದ್ದು ಯಾವುದು? ತನ್ನ ಕೂಸೇ ಹೋಗದೆ ಉಳಿದಿತ್ತೇ? ತಾಯಿ ಒಮ್ಮೆಯಾದರೂ ಬಂದಾಳೆಂದು ಕಾದಿತ್ತೇ? ಆ ವಾರವೆಲ್ಲ ಅವರು ದೇವರ ಮುಂದೆ ಕೂತರು, ಸ್ತೋತ್ರದ ನಡುವೆ ಮಾತು ಮರೆಯುತ್ತಿತ್ತು. ಮಾಡಿದ ಅನ್ನ ಹಾಗೇ ಉಳಿಯಿತು.

ಬಿಂಬವನ್ನು ಐದು ದಿನದಲ್ಲಿ ಸಾವಿರಾರು ಜನ ನೋಡಿದರು. ಕೊಳ್ಳುತ್ತೇನೆಂದವರು ಒಬ್ಬರೂ ಇಲ್ಲ. 'ಸತ್ತ ಕೂಸಿನ ತೊಟ್ಟಿಲು', 'ಇದನ್ನು ಮನೆಯೊಳಗೆ ತರಬೇಡಿ' ಎಂದು ಕೆಳಗೆ ಬರೆದು ಹೋದರು.

ಯಂತ್ರ ತಪ್ಪು ಮಾಡಿದೆಯೆಂದು ಸುದ್ದಿ ಹೋದದ್ದರಿಂದ ಡಾಕ್ಟರ್ ಐವನ್ ತಾವೇ ಧಾರವಾಡಕ್ಕೆ ಬಂದರು. ಐವತ್ತರ ಪ್ರಾಯದ, ಮೆಲುಮಾತಿನ ಮನುಷ್ಯ. ಶಿವಲೀಲಾ ಅವರನ್ನು ವೈಜಯಂತಿಬಾಯಿಯವರ ತಂಗಿಯ ಮನೆಗೆ ಕರೆತಂದಳು. ತೊಟ್ಟಿಲು ಅಲ್ಲೇ ಪಡಸಾಲೆಯಲ್ಲಿತ್ತು.

"ಅಮ್ಮಾ, ನೀವು ಹೆದರಬೇಡಿ. ಭೂತ ಗೀತ ಏನೂ ಇಲ್ಲ. ಯಂತ್ರಕ್ಕೆ ಗೊತ್ತಿರುವುದು ಭಾರ ಮತ್ತು ಸವೆತ ಎರಡೇ. ತೊಟ್ಟಿಲು ಅಂದ ಮೇಲೆ ಅದರೊಳಗಿನ ಭಾರ ಕೂಸೇ ಅಂತ ಅದು ತಿಳಿದುಕೊಳ್ತದೆ."

"ಭಾರ ಇತ್ತೇನು ಹಂಗಾರ?"

"ಉಂಟು. ಮೂರು ಕಿಲೋಗೆ ಸ್ವಲ್ಪ ಕಮ್ಮಿ. ಮೂವತ್ತೊಂದು ವರ್ಷವೂ ಅಷ್ಟೇ. ನನಗೆ ಅರ್ಥ ಆಗದ್ದು ಇನ್ನೊಂದು. ತೂಗಿದ ಲೆಕ್ಕ. ಒಂದು ದಿನ ಹೆಚ್ಚು ಒಂದು ದಿನ ಕಮ್ಮಿ ಇರಬೇಕಲ್ವಾ? ಇಲ್ಲಿ ದಿನಾ ನೂರೆಂಟು. ನಾನು ನಾಲ್ಕು ಸಲ ಎಣಿಸಿದೆ ಮಾರಾಯ್ರೆ, ನೂರೆಂಟೇ."

ವೈಜಯಂತಿಬಾಯಿ ತಲೆಯೆತ್ತಿದರು. "ಯಾರ ಕೈ ಅದು? ಕೈ ತೋರಸ್ರಿ."

ಐವನ್ ತಾವು ತಂದಿದ್ದ ಪುಟ್ಟ ಪರದೆಯ ಹಲಗೆಯ ಮೇಲೆ ಬಿಂಬವನ್ನು ದೊಡ್ಡದು ಮಾಡಿದರು. ತೊಟ್ಟಿಲಿನ ಅಂಚನ್ನು ಹಿಡಿದ ಬಲಗೈ ಕಾಣಿಸಿತು. ಮೂರು ಬೆರಳು ಅಂಚಿನ ಸುತ್ತ ಬಾಗಿದ್ದವು. ತೋರುಬೆರಳು ಮಾತ್ರ ಬಾಗದೆ ನೆಟ್ಟಗೆ ಬಾಲಕೃಷ್ಣನ ಚಿತ್ರದ ಮೇಲೆ ಚಾಚಿಕೊಂಡಿತ್ತು.

ವೈಜಯಂತಿಬಾಯಿ ಆ ಬೆರಳಿನ ಗುರುತು ಹಿಡಿದರು. ಪ್ರಾಣೇಶರಾಯರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ಎಳೆತನದಲ್ಲಿ ಸೈಕಲ್ಲಿನಿಂದ ಬಿದ್ದು ಅವರ ಆ ಬೆರಳಿನ ಗೆಣ್ಣು ಮಡಚುತ್ತಿರಲಿಲ್ಲ. ಸೀಮೆಸುಣ್ಣವನ್ನು ಹೆಬ್ಬೆರಳು ನಡುಬೆರಳಿನ ನಡುವೆ ಹಿಡಿಯುತ್ತಿದ್ದರು. ಮಗಳು ಹೋದಾಗ ಅವರ ಕಣ್ಣಲ್ಲಿ ನೀರು ಬಂದದ್ದನ್ನು ಯಾರೂ ನೋಡಲಿಲ್ಲ. ಹದಿಮೂರನೆಯ ದಿನವೇ ಶಾಲೆಗೆ ಹೋದರು. ಕೂಸಿನ ಹೆಸರನ್ನು ಮತ್ತೆ ಬಾಯಲ್ಲಿ ತರಲಿಲ್ಲ. ಕಲ್ಲೆದೆಯವರು ಎಂದುಕೊಂಡು ವೈಜಯಂತಿಬಾಯಿ ಮೂವತ್ತೊಂದು ವರ್ಷ ಅವರ ಜೊತೆ ಸಂಸಾರ ಮಾಡಿದ್ದರು.

"ನಮ್ಮನಿಯವರು ದಿನಾ ಮುಂಜಾನೆ ಸ್ನಾನ ಮಾಡಿ ಮಾಳಗಿಗೆ ಹೋಗತಿದ್ರು," ಅವರು ನಿಧಾನವಾಗಿ ಹೇಳಿದರು. "ಜಪಾ ಮಾಡತೀನಿ ಅಂತಿದ್ರು. ನೂರೆಂಟು. ಜಪದ ಸರಾ ಕೆಳಗ ದೇವರಮನ್ಯಾಗ ಇರತಿತ್ತು. ಸರಾ ಬಿಟ್ಟು ಹೆಂಗ ಎಣಸ್ತಾರ ಇವರು, ಗಣಿತದವರಲ್ಲಾ ಅಂತ ನಾನು ನಕ್ಕಿದ್ದೆ."

"ಹಾಗಾದರೆ ಒಳಗೆ ಇಟ್ಟದ್ದು ಏನು?" ಐವನ್ ಕೇಳಿದರು.

ಉತ್ತರ ಶಿವಲೀಲಾಳಿಂದ ಬಂತು. "ಗುಂಡಪ್ಪ ಇರಬೇಕ್ರೀ ಸರ."

"ಯಾರು ಗುಂಡಪ್ಪ?"

"ಮನಶ್ಯಾ ಅಲ್ರೀ. ರುಬ್ಬೋ ಒಳ್ಳಿನ ಗುಂಡಕಲ್ಲು. ಕೂಸಿನ್ನ ತೊಟ್ಟಲಕ್ಕ ಹಾಕೂಮುಂದ ಮೊದಲ ಅದಕ್ಕ ಅರಿವಿ ತೊಡಿಸಿ, ತೊಟ್ಟಲಾಗ ಮಲಗಿಸಿ ತೂಗತಾರ. ಕೂಸು ಕಲ್ಲಿನಂಗ ಗಟ್ಟಿ ಆಗಲಿ ಅಂತ. ಅದನ್ನ ತಗದು ಆಮ್ಯಾಲ ಕೂಸು."

"ಖಾಲಿ ತೊಟ್ಟಲಾ ತೂಗಬಾರದು," ಎಂದರು ವೈಜಯಂತಿಬಾಯಿ. "ಅದಕ್ಕ ಹಾಕ್ಯಾರ. ಇಂಥಾವೆಲ್ಲಾ ಮೂಢನಂಬಿಕಿ ಅಂತ ನನ್ನ ಹೀಯಾಳಸ್ತಿದ್ದವರು. ಅವರು ಹೋದಮ್ಯಾಲ ಮಾಳಗಿ ಕಿಡಕ್ಯಾಗ ಆ ಕಲ್ಲು ಇತ್ತು. ಹಾಳಿ ಹಾರಬಾರದು ಅಂತ ಇಟ್ಟಾರ ಅಂದ್ಕೊಂಡೆ ನಾನು."

ಐವನ್ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಯಂತ್ರದಲ್ಲಿ ದೋಷವಿಲ್ಲವೆಂದು ತಿಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಅವರೇ ಒಂದು ದಾರಿ ಹೇಳಿದರು. ಕಲಘಟಗಿಯ ಚಿತ್ರಗಾರರನ್ನು ಕರೆಸಿ ಹಳೆಯ ಅರಗನ್ನು ಹೆರೆದು ಹೊಸದು ಹಚ್ಚಿಸಿದರೆ ಪದರಗಳೆಲ್ಲ ಹೋಗುತ್ತವೆ. ಹೊಸ ವಸ್ತುವಿನ ಹಾಗೆ ಮತ್ತೆ ಚಿತ್ರ ತೆಗೆಯಬಹುದು. ಎರಡೇ ದಿನದಲ್ಲಿ ಯಾರಾದರೂ ಕೊಳ್ಳುತ್ತಾರೆ. ಖರ್ಚು ತಮ್ಮದು.

"ಹೆರದ್ರ ಆ ಬೆರಳಿನ ಗುರ್ತೂ ಹೋಗತದಲ್ಲ?"

"ಹೋಗ್ತದೆ ಅಮ್ಮಾ."

"ಬ್ಯಾಡ್ರಿ."

"ಹೀಗೇ ಬಿಟ್ಟರೆ ಯಾರೂ ಕೊಳ್ಳುವುದಿಲ್ಲ. ನಿಮಗೆ ಇದರಲ್ಲಿ ಕೂಸು ಮಲಗಬೇಕು ಅಲ್ವಾ?"

"ಮಲಗಬೇಕು. ಅದಕ್ಕ ನಾನು ಒಂದು ಸುಳ್ಳು ಹೇಳೀನಿ. ಇನ್ನೊಂದು ಹೇಳಂಗಿಲ್ಲ. ಅವರ ಕೈ ಅಳಿಸಿ ಅದರ ಮ್ಯಾಲ ಒಬ್ಬರ ಕೂಸು ಮಲಗೋದು ಬ್ಯಾಡ." ಅವರು ಶಿವಲೀಲಾಳ ಕಡೆ ತಿರುಗಿದರು. "ಬಿಂಬದ ಕೆಳಗ ಬರಿಯವಾ. ಕೂಸು ನಾಲ್ಕು ತಿಂಗಳಿಗೆ ಹೋತು. ಆಮ್ಯಾಲ ಅದರ ಅಪ್ಪಾ ಗುಂಡಪ್ಪನ್ನ ಹಾಕಿ ತೂಗ್ಯಾನ. ಇಷ್ಟ ಬರಿ, ಸಾಕು."

ಬರೆದಾಯಿತು. ಹೆದರಿ ಬರೆಯುತ್ತಿದ್ದವರು ಸುಮ್ಮನಾದರು. ಕೆಲವರು ಅತ್ತೆವೆಂದು ಬರೆದರು. ಆದರೂ ತೊಟ್ಟಿಲನ್ನು ಯಾರೂ ಕೇಳಲಿಲ್ಲ. ಅತ್ತವರೂ ತಮ್ಮ ಕೂಸನ್ನು ಅದರಲ್ಲಿ ಮಲಗಿಸಲು ಒಪ್ಪುವವರಲ್ಲ. ಹೀಗೆ ಮೂರು ವಾರ ಕಳೆಯಿತು. ದೇವರಿಗೆ ಮನಸ್ಸಿಲ್ಲವೆಂದು ವೈಜಯಂತಿಬಾಯಿ ತಿಳಿದುಕೊಂಡರು.

ನಾಲ್ಕನೆಯ ವಾರ ಗದಗಿನಿಂದ ಶಾವಂತ್ರವ್ವನೆಂಬಾಕೆ ಬಂದಳು. ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಕೆಲಸ ಅವಳದು. ಮಗಳು ಹಡೆದು ಹನ್ನೊಂದು ದಿನವಾಗಿತ್ತು. ಬಂದವಳೇ ತೊಟ್ಟಿಲಿನ ಮುಂದೆ ಕೂತು ಅಂಚನ್ನು ಅಂಗೈಯಿಂದ ಸವರಿ ನೋಡಿದಳು.

"ಬಿಂಬ ನೋಡೀಯೇನವಾ?" ವೈಜಯಂತಿಬಾಯಿ ಕೇಳಿದರು.

"ನೋಡೇ ಬಂದೀನ್ರೀ ಅಮ್ಮಾರ."

"ನಿನಗ ಅಂಜಿಕಿ ಇಲ್ಲಾ?"

"ಎದಕ್ಕ ಅಂಜಲಿ? ಬ್ಯಾರೇದವರ ತೊಟ್ಟಲಾನೂ ನೋಡೀನ್ರಿ. ಆರ ತಿಂಗಳು ತೂಗ್ಯಾರ, ಒಂದ ವರ್ಷ ತೂಗ್ಯಾರ, ಮೂಲಿಗೆ ಒಗದಾರ. ಇದನ್ನ ಆ ಯಜಮಾನ್ರು ಮೂವತ್ತೊಂದ ವರ್ಷ ಒಂದ ದಿನಾ ಬಿಡದಂಗ ತೂಗ್ಯಾರ. ನಾ ರೊಟ್ಟಿ ಹಂಚು ತಗೊಂಡ್ರೂ ಪಳಗಿದ್ದನ್ನ ನೋಡಿ ತಗೋತೀನಿ. ಹೊಸಾ ಹಂಚಿಗೆ ರೊಟ್ಟಿ ಅಂಟಗೊಂತಾವ. ನಮ್ಮ ಕೂಸು ಮಲಗಂಗಿಲ್ರೀ, ಒಂದಸವನ ಅಳತೈತಿ. ಇದರಾಗ ಮಲಗತೈತಿ."

ವೈಜಯಂತಿಬಾಯಿ ಅವಳ ಕೈ ಹಿಡಿದುಕೊಂಡರು. ತೊಟ್ಟಿಲು ಅಂದೇ ಗದಗಿಗೆ ಹೋಯಿತು. ಗುಂಡಪ್ಪನನ್ನೂ ಕೊಡಿರೆಂದು ಶಾವಂತ್ರವ್ವ ಕೇಳಲಿಲ್ಲ, ಇವರು ಕೊಡಲೂ ಇಲ್ಲ. ಅದನ್ನು ಪ್ರಾಣೇಶರಾಯರ ಹೆಸರು ಹೇಳಿ ಮಲಪ್ರಭೆಯಲ್ಲಿ ಬಿಟ್ಟುಬಂದರು.

ಎರಡು ವರ್ಷದ ನಂತರ ಡಾಕ್ಟರ್ ಐವನ್ ಮತ್ತೆ ಸಪ್ತಾಪುರದ ಮನೆಗೆ ಬಂದರು. ಶಾವಂತ್ರವ್ವನ ಮಗಳು ಗಂಡನ ಜೊತೆ ಸೊಲ್ಲಾಪುರಕ್ಕೆ ಹೋಗುವವಳಿದ್ದು, ತೊಟ್ಟಿಲನ್ನು ಗದಗಿನ ಮಂಟಪದಲ್ಲಿ ಮಾರಾಟಕ್ಕೆ ಇಟ್ಟಿದ್ದಳು. ಹೊಸ ಬಿಂಬ ತೆಗೆದಾಗ ಯಂತ್ರ ಗೊಂದಲಗೊಂಡು ಅವರಿಗೆ ಸುದ್ದಿ ಕಳಿಸಿತ್ತು.

"ಇದನ್ನು ತಿದ್ದಬೇಕು ಅಂತ ನಮ್ಮವರು ಹೇಳ್ತಾ ಇದ್ದಾರೆ," ಎಂದರು ಅವರು. "ಇದೇ ತೊಟ್ಟಿಲು, ಇದೇ ಪದರಗಳು. ಹಾಗಾಗಿ ಯಂತ್ರ ಎರಡು ಕೂಸು ಅಂತ ತಿಳಿಯಲಿಲ್ಲ. ಒಂದೇ ಅಂತ ಲೆಕ್ಕ ಹಾಕಿದೆ. ತಿದ್ದುವ ಮೊದಲು ನೀವೊಮ್ಮೆ ನೋಡಬೇಕು ಅನಿಸಿತು."

ವೈಜಯಂತಿಬಾಯಿ ಕನ್ನಡಕ ಹಾಕಿಕೊಂಡು ಹಲಗೆಯ ಮೇಲೆ ಬಾಗಿದರು. ತೊಟ್ಟಿಲು ತೂಗುತ್ತಿತ್ತು. ಮೂವತ್ತೊಂದು ವರ್ಷ ಅಲುಗದೆ ಮಲಗಿದ್ದ ಆ ಪುಟ್ಟ ಆಕಾರ, ಮತ್ತೊಂದು ವರ್ಷ ಕಳೆದ ಮೇಲೆ ಒಂದು ದಿನ ಮಗ್ಗುಲಿಗೆ ಹೊರಳಿತು. ಕಾಲು ಆಡಿಸಿತು. ತಿಂಗಳಿಗೆ ತಿಂಗಳು ತುಂಬಿಕೊಂಡು ಎದ್ದು ಕೂತಿತು. ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿತು, ಬಿತ್ತು, ಮತ್ತೆ ನಿಂತಿತು. ಕೊನೆಗೆ ಒಂದು ಕಾಲನ್ನು ಅಂಚಿನಾಚೆ ಹಾಕಿ, ಇನ್ನೊಂದನ್ನೂ ಹಾಕಿ, ಕೆಳಗಿಳಿದು ಚಿತ್ರದಿಂದ ಹೊರಗೆ ಹೋಯಿತು.