ಪಾಚಿ ಬಣ್ಣದ ಬಿಲ್ಲೆ

ಮುಂಬಯಿ ಮಲಾಡಿನ ಆ ಬಿಲ್ಡಿಂಗಿನಲ್ಲಿ ಲಿಫ್ಟ್ ತಡವಾದಷ್ಟೂ ಶರಣನ ಹೊಟ್ಟೆ ಉರಿಯುತ್ತಿತ್ತು. ಲಿಫ್ಟಿನ ಪಕ್ಕದಲ್ಲೇ ಎದುರು ಮನೆಯ ಸೀತಾರಾಮನ ದೊಡ್ಡ ಫೋಟೋ. ಸಮುದ್ರದ ತಳ, ಸುತ್ತ ಹವಳ, ಬೆನ್ನಿಗೆ ಸಿಲಿಂಡರ್, ಕೈಯಲ್ಲಿ ಅಂಗೈಯಗಲದ ಬಿಲ್ಲೆ. ಡೈವಿಂಗ್ ಕ್ಲಬ್ಬಿನ ಮಾಸ್ತರ ದೂಜ ವರ್ಷಕ್ಕೊಮ್ಮೆ ಆ ಬಿಲ್ಲೆಯನ್ನು ಹವಳದ ಸಂದಿಯಲ್ಲಿ ಬಚ್ಚಿಡುತ್ತಿದ್ದ. ಹುಡುಕಿ ತಂದವನು ಆ ವರ್ಷದ ರಾಜ. ಕಳೆದ ವರ್ಷ ಸೀತಾರಾಮ ಗೆದ್ದಾಗ ಸೊಸೈಟಿಯವರು ಅಭಿಮಾನದಿಂದ ಅವನ ಫೋಟೋ ಹಾಕಿಸಿದ್ದರು. ಧಾರವಾಡದಿಂದ ಯಾರೇ ಬರಲಿ, ಶರಣನ ಹೆಂಡತಿ ಮಾಧುರಿ ಅವರನ್ನು ಅದರ ಮುಂದೆ ನಿಲ್ಲಿಸಿ, "ನೋಡ್ರಿ, ನಮ್ಮ ಬಿಲ್ಡಿಂಗಿನ ಹೀರೋ!" ಎನ್ನುತ್ತಿದ್ದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಗಂಡನನ್ನು ಒಮ್ಮೆಯೂ ಹಾಗೆ ಕರೆದವಳಲ್ಲ. ಶರಣನಿಗೆ ಬೇಕಾಗಿದ್ದುದು ಆ ಒಂದೇ ಮಾತು.

ಅವನೂ ಕ್ಲಬ್ ಸೇರಿದ. ಈಜು ಬರುತ್ತಿತ್ತು, ಹುಡುಕುವ ತಾಳ್ಮೆ ಇರಲಿಲ್ಲ. ಹುಡುಕುವುದೇಕೆ, ಅಂಥದ್ದೇ ಒಂದು ಬಿಲ್ಲೆ ಮಾಡಿಸಿಕೊಂಡೇ ಹೋದರಾಯಿತಲ್ಲ! ಈಜುಕೊಳದ ಪಕ್ಕ ದೂಜ ಮೊದಲ ಪಾಠ ಹೇಳುತ್ತಿದ್ದಾಗ ಶರಣ ಹಿಂದಿನ ಬೆಂಚಿನಲ್ಲಿ ಕೂತು, ಸೀತಾರಾಮನ ಫೋಟೋವನ್ನು ಧಾರಾವಿಯ ಒಬ್ಬ ಪೇಂಟರನಿಗೆ ವಾಟ್ಸಾಪ್ ಮಾಡುತ್ತಿದ್ದ. ಬೆಳಕು, ಆಳ ಎಂದು ಏನೇನೋ ಕಿವಿಗೆ ಬಿದ್ದವು. ಅದೆಲ್ಲ ಯಾರಿಗೆ ಬೇಕು?

ಶರಣನ ಕೆಲಸ ಅಚ್ಚುಕಟ್ಟು. ಫೋಟೋದಲ್ಲಿ ಕೈಬೆರಳಿನ ಲೆಕ್ಕ ಹಿಡಿದು ಅಳತೆ ತೆಗೆದ. ಬಿಲ್ಲೆಯ ಮೇಲಿದ್ದ ಮೀನನ್ನು ಬಾಲದ ಸಮೇತ ಕೊರೆಸಿದ. ಡಬ್ಬದಲ್ಲಿ ಕೆಂಪು ಉಳಿದಿದೆ, ಅದನ್ನೇ ಹೊಡೆಯಲೇ ಎಂದು ಪೇಂಟರ್ ಕೇಳಿದ್ದಕ್ಕೆ ಇವನು ಕೆಂಡವಾದ. ಫೋಟೋದಲ್ಲಿದ್ದದ್ದು ಪಾಚಿಗಟ್ಟಿದ ಬೂದು ಬಣ್ಣ. ಮೂರು ಸಲ ಅಳಿಸಿ ಹೊಡೆಸಿ, ನಾಲ್ಕನೆಯ ಸಲಕ್ಕೆ ಒಪ್ಪಿಕೊಂಡ. ಲೋಕಲ್ ರೈಲಿನಲ್ಲಿ ವಾಪಸು ಬರುವಾಗ ಕಿಸೆಯ ಮೇಲೆ ಕೈಯಿಟ್ಟುಕೊಂಡೇ ಇದ್ದ.

ಉಳಿದದ್ದು ಸುಲಭ. ಬಿಲ್ಲೆ ಸಿಕ್ಕಿತೆಂದರೆ ಆಟ ಮುಗಿಯಿತು, ಆಮೇಲೆ ಯಾರೂ ಕೆಳಗೆ ಇಳಿಯುವುದಿಲ್ಲ. ಅಸಲಿ ಬಿಲ್ಲೆ ಮರಳಿನಲ್ಲಿ ಹೂತುಹೋಗುತ್ತದೆ. ಮುಂದಿನ ವರ್ಷ ದೂಜ ನಕಲಿಯನ್ನೇ ಬಚ್ಚಿಡುತ್ತಾನೆ!

ಜನವರಿಯ ಒಂದು ಬೆಳಿಗ್ಗೆ ಕೊಂಕಣದ ಸಮುದ್ರ ತಟ್ಟೆಯ ನೀರಿನಂತೆ ಅಲುಗದೆ ನಿಂತಿತ್ತು. ಮಾಧುರಿ ದೋಣಿಯಲ್ಲಿ ಕೂತು ಚುರುಮುರಿ ತಿನ್ನುತ್ತ, "ಸಂಭಾಳಿಸಿ ಹೋಗ್ರೀ" ಎಂದಳು. ಹದಿನೈದು ಮೀಟರ್ ಕೆಳಗೆ ಪಟ್ಟೆ ಮೀನುಗಳು ಇವನ ಮೂಗಿನ ಮುಂದೆಯೇ ಸುಳಿದಾಡಿದವು. ಶರಣ ಹತ್ತು ನಿಮಿಷ ಹುಡುಕುವ ನಾಟಕ ಮಾಡಿ, ಹವಳದ ಹಿಂದೆ ಹೋಗಿ, ಈಜುಡುಗೆಯ ತೋಳಿನೊಳಗಿನಿಂದ ಬಿಲ್ಲೆ ಜಾರಿಸಿಕೊಂಡ. ದೂಜ ಹತ್ತಿರ ಬಂದು ನೋಡಿದ. ಶರಣ ಬಿಲ್ಲೆಯನ್ನು ಅವನ ಕಣ್ಣೆದುರಿಗೇ ಹಿಡಿದ. ದೂಜ ಕೈಕುಲುಕಿ, ಫೋಟೋ ತೆಗೆದು, ಆಟ ಮುಗಿಯಿತೆಂದು ಸಿಲಿಂಡರ್ ಬಡಿದ. ಸೀತಾರಾಮನಂತೂ ನೀರಿನಲ್ಲೇ ಕೈಮುಗಿದ. ಶರಣನಿಗೆ ಖುಷಿ ತಡೆಯಲಾಗಲಿಲ್ಲ.

ದೋಣಿ ಹತ್ತಿದವನೇ ಬಿಸಿಲಿನಲ್ಲಿ ಬಿಲ್ಲೆ ಎತ್ತಿ ಹಿಡಿದ. "ನಮ್ಮ ಹೀರೋ!" ಎಂದು ಮಾಧುರಿ ಚೀರಿದಳು. ಉಳಿದವರ ಚಪ್ಪಾಳೆ ಮಾತ್ರ ಒಂದೊಂದಾಗಿ ನಿಂತಿತು. ದೂಜ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದೆಂಥ ಬಣ್ಣ ಮಾರಾಯ? ನಾನು ಇಟ್ಟದ್ದು ಕೆಂಪು ಬಿಲ್ಲೆ, ಕುಂಕುಮದ ಹಾಗೆ ಕೆಂಪು. ಅಷ್ಟು ಆಳದಲ್ಲಿ ಕೆಂಪು ಕಾಣುದಿಲ್ಲ, ಹೀಗೆ ಪಾಚಿ ಪಾಚಿಯಾಗಿ ಕಾಣ್ತದೆ. ಮೊದಲ ಪಾಠದಲ್ಲೇ ಹೇಳಿದ್ದೆನಲ್ಲ!" ಸೀತಾರಾಮ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಮಾಧುರಿ ಗಂಡನನ್ನು ಒಮ್ಮೆ ನೋಡಿ, ಚುರುಮುರಿಯ ಪೊಟ್ಟಣವನ್ನು ಸೀತಾರಾಮನತ್ತ ಚಾಚಿದಳು. ಶರಣನ ಮುಖ ಮೆಲ್ಲಗೆ ಅಸಲಿ ಬಿಲ್ಲೆಯ ಬಣ್ಣಕ್ಕೆ ತಿರುಗಿತು.